ಒಂದು ಪ್ಲಾಟಿಗೆ ನಾಲ್ಕು ರೇಟು: ಏಜೆಂಟರೆಲ್ಲ ಸೇರಿ ಒಂದೇ ಪಟ್ಟಿ ಮಾಡಬೇಕೆಂದಿರುವವರಿಗೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಯ ಆಸ್ತಿ ಏಜೆಂಟರಿಗೆ ಒಂದೇ ಲಿಸ್ಟಿಂಗ್ ಸೇವೆ, ಅಂದರೆ ಎಲ್ಲರ ಕೈಯಲ್ಲಿರುವ ಆಸ್ತಿಯನ್ನೂ ಎಲ್ಲರೂ ನೋಡುವ ಪಟ್ಟಿ, ಮಾಡಬೇಕೆಂದಿದ್ದೀರಿ, ಆ್ಯಪಿಗೆ 8 ಲಕ್ಷ ತೆಗೆದಿಟ್ಟಿದ್ದೀರಿ, ಮೊದಲ ತಿಂಗಳಲ್ಲೇ 500 ಆಸ್ತಿ ತುಂಬಿಸುವುದು ಹೇಗೆ ಅಂತ ಕೇಳಿದ್ದೀರಿ. ವಿಜಯಪುರದಲ್ಲಿ ಇಂಥದೇ ಸೇವೆ ಶುರು ಮಾಡಿದಾಗ ನಾವು ಆರು ವಾರಕ್ಕೆ 612 ತುಂಬಿಸಿದ್ದೆವು. ನಾಲ್ಕನೇ ತಿಂಗಳಿಗೆ ಸೇವೆ ನಿಂತಿತು. ನಿಲ್ಲಿಸಿದ್ದೇ ಆ 612.

ಪಟ್ಟಿ ಖಾಲಿ ಕಂಡರೆ ಯಾವ ಏಜೆಂಟೂ ಎರಡನೇ ಸಲ ತೆರೆದು ನೋಡುವುದಿಲ್ಲ ಎಂಬ ಹೆದರಿಕೆ ನನಗಿತ್ತು. ನಿಮ್ಮ ಪ್ರಶ್ನೆಯಲ್ಲಿ ಕಾಣುವುದೂ ಅದೇ ಹೆದರಿಕೆ. ಹಾಗಾಗಿ ಇಬ್ಬರು ಹುಡುಗರನ್ನು ಕೂರಿಸಿ, ಏಜೆಂಟರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬಂದ ಪ್ರತಿ ಪ್ಲಾಟು, ಮನೆ, ಹೊಲವನ್ನು ಕಳಿಸಿದವರ ಹೆಸರಿನಲ್ಲಿ ಪಟ್ಟಿಗೆ ಹಾಕಿಸಿದೆ. ಮಾಲೀಕರ ಸಹಿ ಕೇಳಲಿಲ್ಲ. ಮೊದಲು ಮಾಲು ತುಂಬಲಿ, ಸಹಿ ಆಮೇಲೆ ತೆಗೆದುಕೊಂಡರಾಯಿತು ಅಂದುಕೊಂಡೆ. ತಪ್ಪು ಇದೊಂದೇ, ಉಳಿದದ್ದೆಲ್ಲ ಇದರ ಹಿಂದೆ ಬಂದದ್ದು. ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ.

ಸೋಲಾಪುರ ರಸ್ತೆ ಕಡೆಯ ಒಂದು 30×40 ಪ್ಲಾಟು. ನಂಬರ್ ಬದಲಿಸಿ ಬರೆಯುತ್ತಿದ್ದೇನೆ. ಅದು ನಾಲ್ವರು ಏಜೆಂಟರ ಕೈಯಲ್ಲಿತ್ತು. ಒಬ್ಬರು ರಿ.ಸ.ನಂ. (ರಿ-ಸರ್ವೆ ನಂಬರ್) 412/1ಎ, ಪ್ಲಾಟ್ 37 ಅಂತ ಬರೆದರು. ಇನ್ನೊಬ್ಬರು 412-1-ಅ ಅಂತ. ಮೂರನೆಯವರು ಹಳೆಯ ಉತಾರ (ಪಹಣಿ) ಮುಂದಿಟ್ಟುಕೊಂಡು ಕನ್ನಡ ಅಂಕಿಯಲ್ಲೇ ೪೧೨/೧ಅ ಅಂತ ಬರೆದರು. ನಾಲ್ಕನೆಯವರ ಹತ್ತಿರ ಇದ್ದದ್ದು ಸಿಟಿ ಸರ್ವೆಯ ಪಿ.ಆರ್. ಕಾರ್ಡು (ಆಸ್ತಿ ದಾಖಲೆ), ಅವರು ಸಿ.ಟಿ.ಎಸ್. ಅಂದರೆ ಸಿಟಿ ಸರ್ವೆ ನಂಬರನ್ನಷ್ಟೇ ಹಾಕಿದರು. ಕಂಪ್ಯೂಟರಿಗೆ ಇವು ನಾಲ್ಕು ಬೇರೆ ಬೇರೆ ಪ್ಲಾಟು. ರೇಟು 29 ಲಕ್ಷ, 32 ಲಕ್ಷ, 34 ಲಕ್ಷ, 36 ಲಕ್ಷ.

32ಕ್ಕೆ ಗಿರಾಕಿ ಕೂತ. ಸಂಚಕಾರದ (ಮುಂಗಡದ) ದುಡ್ಡು ಮೇಜಿನ ಮೇಲೆ ಬಂತು. ಅಷ್ಟರಲ್ಲಿ ಮಾಲೀಕರ ಮಗ ಯಾರದೋ ಮೊಬೈಲಿನಲ್ಲಿ ನಮ್ಮ ಪಟ್ಟಿ ನೋಡಿ, "ಅಲ್ರೀ, ನಿಮ್ಮ ಲಿಸ್ಟಿನ್ಯಾಗ ನಮ್ಮ ಪ್ಲಾಟಿಗೆ ಮೂವತ್ತಾರ ಐತಿ, ಮೂವತ್ತೆರಡಕ್ಕ ಯಾಕ ಕೊಡಬೇಕ್ರಿ?" ಅಂದ. ವ್ಯವಹಾರ ಅಲ್ಲಿಗೆ ಮುರಿಯಿತು. ಅದೇ ವಾರ ಗಿರಾಕಿಯ ಕಡೆಯವರು 29ರ ನಮೂದು ತೋರಿಸಿ, ಏಜೆಂಟ್ ನಡುವೆ 3 ಲಕ್ಷ ಹೊಡೆಯಲು ನೋಡಿದ ಅಂತ ಊರೆಲ್ಲ ಹೇಳಿದರು. ಅವನು ಪ್ರಾಮಾಣಿಕವಾಗಿ ಮಾಲೀಕರು ಹೇಳಿದ ರೇಟನ್ನೇ ಹೇಳಿದ್ದ. ಮೊದಲು ನಮ್ಮನ್ನು ಬಿಟ್ಟುಹೋದವನು ಅವನೇ.

ಇದನ್ನು ನಾನು ಸಾಫ್ಟ್‌ವೇರಿನ ದೋಷ ಅಂದುಕೊಂಡು ಒಂದು ತಿಂಗಳು ಕಳೆದೆ. ಕನ್ನಡ ಅಂಕಿಯನ್ನು ಇಂಗ್ಲಿಷ್ ಅಂಕಿಗೆ ತಿರುಗಿಸುವುದು, ಓರೆಗೆರೆ, ಅಡ್ಡಗೆರೆ ಎರಡನ್ನೂ ಒಂದೇ ಮಾಡುವುದು, ಅ ಮತ್ತು ಎ ಹಿಸ್ಸಾವನ್ನು (ಸರ್ವೆ ನಂಬರಿನ ಭಾಗವನ್ನು) ಒಂದೇ ಅಂತ ಓದುವುದು, ಎಲ್ಲ ಮಾಡಿಸಿದೆ. ನಾಲ್ಕು ನಮೂದು ಎರಡಾದವು. ರೇಟು ಮಾತ್ರ ನಾಲ್ಕೇ ಉಳಿದವು. ಯಾವುದನ್ನು ಅಳಿಸಬೇಕು? 29 ಮಾಲೀಕರು ಎರಡು ವರ್ಷದ ಹಿಂದೆ ಹೇಳಿದ್ದು. 36 ಏಜೆಂಟ್ ಚೌಕಾಶಿಗೆ ಜಾಗ ಇರಲಿ ಅಂತ ಏರಿಸಿ ಬರೆದದ್ದು. ನಾಲ್ವರಲ್ಲಿ ಒಬ್ಬರ ಹತ್ತಿರವೂ ಮಾಲೀಕರ ಕಾಗದ ಇಲ್ಲ. ಕಾಗದ ಇಲ್ಲದಿದ್ದಾಗ ನಾಲ್ವರ ಹಕ್ಕೂ ಸಮ. ಒಬ್ಬರದನ್ನು ತೆಗೆದರೆ ಅವರಿಗೆ ಸಿಟ್ಟು ಬರುತ್ತದೆ ಅಂತ ನಾನು ಎಲ್ಲವನ್ನೂ ಹಾಗೇ ಬಿಟ್ಟೆ. ಆಮೇಲೆ ಫೋನ್ ಹಚ್ಚಿ ಒಂದೊಂದಾಗಿ ವಿಚಾರಿಸಿದಾಗ, ಅರ್ಧದಷ್ಟು ನಮೂದು ಒಂದೇ ಆಸ್ತಿಯ ನಕಲುಗಳು. ಉಳಿದವುಗಳಲ್ಲಿ ಬಹಳಷ್ಟಕ್ಕೆ ಬಂದ ಉತ್ತರ, "ಆ ಜಾಗಾ ಹೋಗಿ ಎಂಟ ತಿಂಗಳಾತ್ರಿ." ಒಬ್ಬ ಏಜೆಂಟ್ ಮೂರು ಸಲ ಗಿರಾಕಿ ಮುಂದೆ ಹೀಗೆ ಮುಖಭಂಗ ಮಾಡಿಕೊಂಡರೆ ನಾಲ್ಕನೇ ಸಲ ನಿಮ್ಮ ಪಟ್ಟಿ ತೆರೆಯುವುದಿಲ್ಲ.

ಆದ್ದರಿಂದ 500ರ ಗುರಿ ಬಿಡಿ. ಒಂದು ಊರು, 20–25 ಏಜೆಂಟರು, 60 ಒಪ್ಪಿಗೆ ಪತ್ರ, ಇಷ್ಟು ಸಾಕು. ಎರಡನೇ ಸಲ ನಾವು 22 ಜನ, 58 ಪತ್ರದಿಂದ ಶುರು ಮಾಡಿದೆವು. ಅದು ನಡೆಯುತ್ತಿದೆ.

ಒಪ್ಪಿಗೆ ಪತ್ರ ಒಂದೇ ಪುಟ ಇರಲಿ, ಇ-ಸ್ಟ್ಯಾಂಪ್ ಕಾಗದದ ಮೇಲೆ. ಪಟ್ಟಿಗೆ ಹಾಕುವ ಏಜೆಂಟ್ ಒಬ್ಬನೇ, ಅವಧಿ 90 ದಿನ. ಮಾಲೀಕರು ಕೇಳುವ ಒಟ್ಟು ಬೆಲೆ, ಅವರು ಕೊಡುವ ದಲಾಲಿ, ಆ ದಲಾಲಿಯಲ್ಲಿ ಗಿರಾಕಿ ತಂದ ಏಜೆಂಟನ ಪಾಲು, ಇಷ್ಟೂ ಪತ್ರದಲ್ಲಿ ಬರಬೇಕು. ಅವಧಿಯೊಳಗೆ ಮಾಲೀಕರೇ ಬೀಗರಿಗೋ ನೆರೆಯವರಿಗೋ ಕೊಟ್ಟರೆ ದಲಾಲಿ ಉಂಟೋ ಇಲ್ಲವೋ ಎಂಬುದನ್ನು ಕಡ್ಡಾಯವಾಗಿ ಬರೆಸಿ, ಹೆಚ್ಚಿನ ಜಗಳ ಹುಟ್ಟುವುದು ಅಲ್ಲೇ. ವಿವರ ಮತ್ತು ಫೋಟೊಗಳನ್ನು ಎಲ್ಲ ಸದಸ್ಯರಿಗೆ ತೋರಿಸಲು ಅನುಮತಿ ಅಂತ ಒಂದು ಸಾಲು ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂದ ಮೇಲೆ ಬಾಯಿಮಾತಿನ ಅನುಮತಿ ನಂಬಿ ಕೂರಬೇಡಿ.

ಸಹಿ ಯಾರದು? ಉತಾರ ಅಥವಾ ಪಿ.ಆರ್. ಕಾರ್ಡಿನಲ್ಲಿ ಹೆಸರು ಇರುವ ಎಲ್ಲರದ್ದು. ನಮ್ಮ ಕಡೆ ಎಷ್ಟೋ ಆಸ್ತಿ ಇನ್ನೂ ಅಜ್ಜನ ಹೆಸರಿನಲ್ಲೇ ಇರುತ್ತವೆ, ವಾರಸಾ ಆಗಿರುವುದಿಲ್ಲ, ಅಂದರೆ ವಾರಸುದಾರರ ಹೆಸರು ದಾಖಲೆಗೆ ಏರಿರುವುದಿಲ್ಲ. ಅಂಥವನ್ನು ವಾರಸಾ ಆಗುವವರೆಗೆ ಪಟ್ಟಿಗೆ ಸೇರಿಸಲೇಬೇಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಮದುವೆಯಾಗಿ ಸೋಲಾಪುರಕ್ಕೋ ಜತ್ತಕ್ಕೋ ಹೋದ ಅಕ್ಕನ ಸಹಿ ಇಲ್ಲದೆ ಅಣ್ಣತಮ್ಮಂದಿರು ಮಾತು ಕೊಟ್ಟರೆ ಖರೀದಿ ದಿನ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕೆಲಸ ಕೆಡುತ್ತದೆ.

"ಒಬ್ಬರಿಗೇ ಯಾಕೆ ಬರೆದುಕೊಡಬೇಕು, ಹತ್ತು ಮಂದಿಗೆ ಹೇಳಿದರೆ ಬೇಗ ಹೋಗುತ್ತದೆ" ಅಂತ ಮಾಲೀಕರು ಕೇಳುತ್ತಾರೆ. ಕಾಗದ ಒಬ್ಬರ ಹೆಸರಿಗೆ, ಗಿರಾಕಿ ಹುಡುಕುವವರು ಇಪ್ಪತ್ತೆರಡು ಮಂದಿ ಅಂತ ಹೇಳಿ. ಇದು ಅವರಿಗೆ ಅರ್ಥವಾಗುತ್ತದೆ. ಏಜೆಂಟರ ಹೆದರಿಕೆ ಬೇರೆ: ಸರ್ವೆ ನಂಬರ್ ಕಂಡರೆ ಉಳಿದವರು ನನ್ನನ್ನು ದಾಟಿ ನೇರವಾಗಿ ಮಾಲೀಕರ ಮನೆಗೆ ಹೋಗುತ್ತಾರೆ ಅನ್ನುವುದು. ಅದು ಸುಳ್ಳು ಹೆದರಿಕೆಯಲ್ಲ. ಸರ್ವೆ ನಂಬರ್, ಸಿ.ಟಿ.ಎಸ್. ನಂಬರ್, ಮಾಲೀಕರ ಹೆಸರು ಪಟ್ಟಿ ನೋಡಿಕೊಳ್ಳುವವರಿಗೆ ಮಾತ್ರ ಕಾಣಲಿ. ಸದಸ್ಯರಿಗೆ ಬಡಾವಣೆ, ರಸ್ತೆಯ ಅಗಲ, ದಿಕ್ಕು, ಅಳತೆ, ಬೆಲೆ, ಫೋಟೊ ಸಾಕು. ಗಿರಾಕಿ ಕರೆತರುವ ಮುನ್ನ ಅವನ ಹೆಸರು, ಮೊಬೈಲಿನ ಕೊನೆಯ ನಾಲ್ಕು ಅಂಕಿ, ದಿನಾಂಕ, ವೇಳೆ ನೋಂದಾಯಿಸಬೇಕು. ನಂತರ 60 ದಿನ ಆ ಆಸ್ತಿಯ ಮಟ್ಟಿಗೆ ಆ ಗಿರಾಕಿ ನೋಂದಾಯಿಸಿದ ಏಜೆಂಟನವನೇ. ಈ ಸಣ್ಣ ದಫ್ತರ ಇಲ್ಲದೆ ನಡೆಸಿದಾಗ ಪ್ರತಿ ಎರಡನೇ ವ್ಯವಹಾರಕ್ಕೂ ಪಂಚಾಯಿತಿ ಮಾಡಿದ್ದೇವೆ.

ನಕಲು ಹಿಡಿಯಲು ನಂಬರೊಂದೇ ಸಾಲದು. ಪೋಡಿ (ಜಮೀನಿನ ವಿಭಜನೆ) ಆದರೆ ಹಿಸ್ಸಾ ನಂಬರ್ ಬದಲಾಗುತ್ತದೆ, ಎನ್.ಎ. (ಕೃಷಿಯೇತರ ಪರಿವರ್ತನೆ) ಆದ ಮೇಲೆ ಪ್ಲಾಟ್ ನಂಬರ್ ಬರುತ್ತದೆ, ಸಿಟಿ ಸರ್ವೆಯೊಳಗೆ ಬಂದರೆ ಸಿ.ಟಿ.ಎಸ್., ಮೇಲೆ ಇ-ಖಾತೆಯ ಸಂಖ್ಯೆ ಬೇರೆ. ಎಲ್ಲಕ್ಕೂ ಪ್ರತ್ಯೇಕ ಕಾಲಂ ಕೊಡಿ, ಒಂದೇ ಕಾಲಂನಲ್ಲಿ ಬರೆಯಲು ಬಿಡಬೇಡಿ. ಜೊತೆಗೆ ಪ್ಲಾಟಿನ ನಡುವೆ ನಿಂತು ಮೊಬೈಲಿನಲ್ಲಿ ಲೊಕೇಶನ್ ಹಿಡಿಯಲಿ. ಆದರೆ ಬಯಲಿನಲ್ಲೂ ಮೊಬೈಲಿನ ಲೊಕೇಶನ್ ಐದಾರು ಮೀಟರ್ ಆಚೀಚೆ ಆಗುತ್ತದೆ, 30 ಅಡಿ ಅಗಲದ ಪ್ಲಾಟು ಅಂದರೆ 9 ಮೀಟರ್. ಪಕ್ಕದ ಪ್ಲಾಟಿನ ಮೇಲೆ ಗುರುತು ಬೀಳುವುದು ಸಹಜ. ಹಾಗಾಗಿ 25 ಮೀಟರಿನೊಳಗೆ ಇನ್ನೊಂದು ನಮೂದು ಇದ್ದರೆ ಎಚ್ಚರಿಕೆ ಬರಲಿ, ತೀರ್ಮಾನ ಮಾತ್ರ ಮನುಷ್ಯರೇ ಮಾಡಲಿ, ಖರೀದಿ ಪತ್ರದ ಚಕ್ಕುಬಂದಿ ನೋಡಿ. ಪೂರ್ವಕ್ಕೆ ಪ್ಲಾಟ್ 38, ದಕ್ಷಿಣಕ್ಕೆ ರಸ್ತೆ ಅಂತ ನಾಲ್ಕು ದಿಕ್ಕು ಹೊಂದಿದರೆ ಅದು ಒಂದೇ ಪ್ಲಾಟು. ವಾಟ್ಸ್‌ಆ್ಯಪಿನಲ್ಲಿ ಬಂದ ಫೋಟೊದಿಂದ ಜಾಗ ತಿಳಿಯಬಹುದು ಅಂದುಕೊಳ್ಳಬೇಡಿ. ಹಾಗೆ ಕಳಿಸಿದ ಫೋಟೊದಲ್ಲಿ ಲೊಕೇಶನ್ ಮಾಹಿತಿ ಉಳಿಯುವುದಿಲ್ಲ.

ಬೆಲೆಯ ಕಾಲಂ ಒಂದೇ: ಒಟ್ಟು ಬೆಲೆ. ಒಬ್ಬ ಫೂಟಿಗೆ ಹೇಳುತ್ತಾನೆ, ಇನ್ನೊಬ್ಬ ಗುಂಟೆಗೆ, ಹೊಲದವನು ಎಕರೆಗೆ. 1 ಗುಂಟೆಗೆ 1,089 ಚದರ ಅಡಿ, 40 ಗುಂಟೆಗೆ 1 ಎಕರೆ, ಆ ಲೆಕ್ಕ ಯಂತ್ರ ಮಾಡಲಿ. ಗುಂಟೆಗೆ 1,000 ಅಡಿ ಅಂತ ಬಾಯಿಲೆಕ್ಕ ಹಾಕುವವರಿದ್ದಾರೆ, 10 ಗುಂಟೆಗೆ 890 ಅಡಿ ಹೋಯಿತು ಅಂದರೆ 30×40ರ ಮುಕ್ಕಾಲು ಪ್ಲಾಟು ಹೋದಂತೆ.

ಕಾಗದ ಪೂರ್ತಿ ಇಲ್ಲದ್ದನ್ನು ಸೇರಿಸಿಕೊಳ್ಳಬೇಡಿ. ಎನ್.ಎ. ಆಗದೆ ತುಂಡು ಮಾಡಿದ ಗುಂಟಾ ಪ್ಲಾಟುಗಳಿಂದ ಪಟ್ಟಿ ಬೇಗ ತುಂಬುತ್ತದೆ, ಬೇಗ ಹೆಸರೂ ಕೆಡುತ್ತದೆ. 2024ರ ಅಕ್ಟೋಬರ್‌ನಿಂದ ಪ್ಲಾಟು, ಮನೆಗಳ ನೋಂದಣಿಗೆ ಇ-ಖಾತೆ ಕಡ್ಡಾಯ. ಖರೀದಿಯೇ ಆಗದ ಜಾಗವನ್ನು ಪಟ್ಟಿಯಲ್ಲಿಟ್ಟು ಏನು ಮಾಡುತ್ತೀರಿ? ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಿಂದ ಇ.ಸಿ. (ಋಣಭಾರ ಪತ್ರ) ತೆಗೆದು, 30 ದಿನಕ್ಕಿಂತ ಹಳೆಯದಲ್ಲ ಅಂತ ನೋಡಿ. ಹೊಸ ಲೇಔಟ್ 500 ಚದರ ಮೀಟರ್ ಮೀರಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕು, ಆ ಸಂಖ್ಯೆ ಇಲ್ಲದ ಲೇಔಟಿಗೆ ಪಟ್ಟಿಯಲ್ಲಿ ಜಾಗ ಕೊಡಬೇಡಿ. ಅಂಥ ಲೇಔಟಿನ ಪ್ಲಾಟು ಮಾರಲು ಏಜೆಂಟನಿಗೂ ರೇರಾ ನೋಂದಣಿ ಬೇಕು. ನಮ್ಮ ರಾಜ್ಯದಲ್ಲಿ ಒಬ್ಬ ವ್ಯಕ್ತಿಗೆ ಶುಲ್ಕ 25,000 ರೂಪಾಯಿ, 5 ವರ್ಷ ಅವಧಿ. ಸಣ್ಣ ಏಜೆಂಟರಿಗೆ ಇದು ಭಾರ ಅನ್ನುವುದು ಗೊತ್ತು, ಆದರೂ ಸದಸ್ಯತ್ವಕ್ಕೆ ಇದನ್ನು ಷರತ್ತು ಮಾಡಿದ್ದರಿಂದ ನಮಗೆ ಒಳ್ಳೆಯದೇ ಆಯಿತು.

ಮೂರು ಜಿಲ್ಲೆಯ ಮಾತಿಗೆ ಬರೋಣ. ಒಂದೇ ನಮೂನೆ ಮೂರೂ ಕಡೆ ನಡೆಯುವುದಿಲ್ಲ. ಬಾಗಲಕೋಟೆಯ ನವನಗರ ಆಲಮಟ್ಟಿ ಹಿನ್ನೀರಿನ ಮುಳುಗಡೆ ಸಂತ್ರಸ್ತರಿಗಾಗಿ ಕಟ್ಟಿದ ಊರು. ಅಲ್ಲಿ ಸೆಕ್ಟರ್ ನಂಬರ್, ಪ್ಲಾಟ್ ನಂಬರ್ ಎರಡು ಸಿಕ್ಕರೆ ಗುರುತಿನ ಸಮಸ್ಯೆ ಮುಗಿಯಿತು, ನೋಡಬೇಕಾದದ್ದು ಬಿ.ಟಿ.ಡಿ.ಎ. (ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ) ಹಂಚಿಕೆಯ ಕಾಗದ ಮತ್ತು ಅದು ಕೈ ಬದಲಾದ ಸರಣಿ. ಬೆಳಗಾವಿಯಲ್ಲಿ ಬುಡಾ (ನಗರಾಭಿವೃದ್ಧಿ ಪ್ರಾಧಿಕಾರ) ಬಡಾವಣೆಯ ಪ್ಲಾಟಿಗೆ ಒಂದು ಬಗೆಯ ಕಾಗದ, ಶಹಾಪುರದ ಹಳೆಯ ಮನೆಗೆ ಇನ್ನೊಂದು, ಕ್ಯಾಂಪಿನ ಬಂಗಲೆಗೆ ಕಂಟೋನ್ಮೆಂಟಿನ ಬೇರೆಯೇ ದಫ್ತರ. 1956ಕ್ಕಿಂತ ಹಿಂದಿನ ಬಹಳಷ್ಟು ಕಾಗದ ಮರಾಠಿಯಲ್ಲಿರುತ್ತವೆ, ಕೆಲವು ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿ. ಅಲ್ಲಿ ಪಟ್ಟಿ ಪರಿಶೀಲಿಸುವವರಿಗೆ ಮರಾಠಿ ಬರಲೇಬೇಕು. ಅಲ್ಲದೆ ಬೆಳಗಾವಿ ಟಿಳಕವಾಡಿಯ ಏಜೆಂಟನಿಗೆ ವಿಜಯಪುರ ಜಲನಗರದ ಪ್ಲಾಟಿನಿಂದ ಏನು ಉಪಯೋಗ? ಪಾಲು ಹಂಚಿಕೊಳ್ಳುವವರು ವಾರಕ್ಕೊಮ್ಮೆಯಾದರೂ ಮುಖ ನೋಡುವಂತಿರಬೇಕು. ಅಮೆರಿಕದಲ್ಲಿ ಈ ಪದ್ಧತಿ ಹುಟ್ಟಿದ್ದೂ ಹಾಗೇ, 19ನೇ ಶತಮಾನದ ಕೊನೆಗೆ ಒಂದೇ ಊರಿನ ಏಜೆಂಟರು ಕಚೇರಿಯಲ್ಲಿ ಸೇರಿ ತಮ್ಮ ತಮ್ಮ ಆಸ್ತಿ ಹೇಳಿಕೊಳ್ಳುತ್ತಿದ್ದರು.

ಎಲ್ಲರೂ ಕಡ್ಡಾಯವಾಗಿ 2% ತೆಗೆದುಕೊಳ್ಳಬೇಕು ಎಂಬ ನಿಯಮ ಮಾಡುವುದಾಗಿ ಬರೆದಿದ್ದೀರಿ. ಮಾಡಬೇಡಿ. ಒಂದೇ ವೃತ್ತಿಯವರು ಕೂಡಿ ದರ ನಿಗದಿ ಮಾಡುವುದು 2002ರ ಸ್ಪರ್ಧಾ ಕಾಯ್ದೆಯ 3ನೇ ಕಲಮಿಗೆ ಸಿಕ್ಕಿಬೀಳುತ್ತದೆ. ಅಮೆರಿಕದ ಬಹುತೇಕ ಪಟ್ಟಿಗಳಲ್ಲೇ ಮೊಕದ್ದಮೆಗಳ ನಂತರ 2024ರ ಆಗಸ್ಟ್‌ನಿಂದ ಗಿರಾಕಿ ಕಡೆಯ ಏಜೆಂಟನ ಪಾಲು ಬರೆಯುವುದನ್ನು ನಿಲ್ಲಿಸಿದ್ದಾರೆ. ದಲಾಲಿ ಎಷ್ಟು ಅನ್ನುವುದು ಆಯಾ ಮಾಲೀಕರು ಮತ್ತು ಏಜೆಂಟರ ನಡುವಿನ ಮಾತು. ಪತ್ರದಲ್ಲಿ ಬರೆದದ್ದನ್ನು ಇಬ್ಬರೂ ಏಜೆಂಟರು ಪಾಲಿಸಬೇಕು ಅನ್ನುವಷ್ಟೇ ನಿಮ್ಮ ನಿಯಮ ಇರಲಿ.

8 ಲಕ್ಷ ಆ್ಯಪಿಗೆ ಹಾಕಬೇಡಿ. ಗೂಗಲ್ ಫಾರ್ಮ್, ಗೂಗಲ್ ಶೀಟ್ ಮೊದಲ ವರ್ಷಕ್ಕೆ ಸಾಕು, ಆದರೆ ಗುಪ್ತ ಕಾಲಂಗಳಿಗೆ ಬೇರೆಯೇ ಫೈಲ್ ಮಾಡಿ. ಒಂದೇ ಫೈಲಿನಲ್ಲಿ ಕಾಲಂ ಅಡಗಿಸಿದರೆ ನಕಲು ಮಾಡಿಕೊಂಡವರಿಗೆ ಎಲ್ಲ ತೆರೆದುಕೊಳ್ಳುತ್ತದೆ. ಆ ದುಡ್ಡಿನಲ್ಲಿ ಉತಾರ ಓದಲು ಬರುವ, ಬೈಕ್ ಇರುವ ಒಬ್ಬರನ್ನು ಸಂಬಳಕ್ಕೆ ಇಟ್ಟುಕೊಳ್ಳಿ. ಹೊಸ ನಮೂದು ಬಂದ ಎರಡು ದಿನದೊಳಗೆ ಅವರು ಜಾಗಕ್ಕೆ ಹೋಗಿ ನೋಡಬೇಕು, ಸಂಚಕಾರ ಆದ 24 ಗಂಟೆಯೊಳಗೆ ನಮೂದು ಮುಚ್ಚಬೇಕು, 30 ದಿನಕ್ಕೊಮ್ಮೆ ಮಾಲೀಕರಿಗೆ ಫೋನ್ ಮಾಡಿ ಬೆಲೆ ಅದೇ ಇದೆಯಾ ಅಂತ ಕೇಳಬೇಕು. ಉತ್ತರ ಬರದಿದ್ದರೆ ಆ ದಿನವೇ ನಮೂದನ್ನು ಪಟ್ಟಿಯಿಂದ ಇಳಿಸಿ, ಎಷ್ಟೇ ದೊಡ್ಡ ಏಜೆಂಟರದಾಗಿದ್ದರೂ. ನಮ್ಮ ಒಪ್ಪಿಗೆ ಪತ್ರದ ನಮೂನೆ ಬೇಕಿದ್ದರೆ ಕೇಳಿ, ಕಳಿಸುತ್ತೇನೆ. ಬೆಳಗಾವಿಯಿಂದ ಶುರು ಮಾಡುವುದಾದರೆ ಮಾಲೀಕರು ಓದಿ ಸಹಿ ಹಾಕುವಂತೆ ಅದರ ಮರಾಠಿ ಪ್ರತಿಯನ್ನೂ ಮಾಡಿಸಿಕೊಳ್ಳಿ.