ಡ್ರಮ್ಮಿನ ನೀರು ಚೆಲ್ಲಿಸಿದರು, ರಕ್ತವನ್ನೂ ಕೊಡಲೇಬೇಕೇ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ. ವಾರಕ್ಕೊಮ್ಮೆ ನೀರು ಬರುವುದರಿಂದ ಸಂಪು, ಡ್ರಮ್ಮು ತುಂಬಿಸಿಡುತ್ತೇವೆ. ಆರೋಗ್ಯ ಇಲಾಖೆಯವರು ಬಂದು ಡೆಂಗಿ ಸೊಳ್ಳೆಯ ಲಾರ್ವಾ (ಮರಿಹುಳು) ಇದೆಯೆಂದು ಡ್ರಮ್ಮಿನ ನೀರೆಲ್ಲ ಚೆಲ್ಲಿಸಿದರು, ದಂಡ ಹಾಕುತ್ತೇವೆ ಎಂದರು. ಜ್ವರ ಬಂದಿರುವ ಮಗಳ ರಕ್ತ ಕೇಳಿದರು. ಇನ್ನು ಸೊಳ್ಳೆ ಕೊಲ್ಲುವ ಔಷಧದ ಹೊಗೆ ಬಿಡುವ ಫಾಗಿಂಗ್ ಮಾಡುತ್ತಾರಂತೆ. ಪಕ್ಕದಲ್ಲೇ ನಮ್ಮ ರೇಷ್ಮೆ ಹುಳು ಮನೆ ಇದೆ. ಬೇಡ ಎನ್ನುವ ಹಕ್ಕು ನಮಗಿಲ್ಲವೇ?

ಉತ್ತರ: ಮೂರಕ್ಕೂ ಒಂದೇ ಉತ್ತರ ಹೇಳಲಾಗದು. ನೀರಿನ ವಿಷಯದಲ್ಲಿ ಸರ್ಕಾರದ ಕೈ ಮೇಲು. ಮೈಯ ವಿಷಯದಲ್ಲಿ ನಿಮ್ಮ ಮಾತು ಮೇಲು.

2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. 2020ರ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿಯ ನಿಯಮಗಳ ಪ್ರಕಾರ ಸೊಳ್ಳೆ ಹುಟ್ಟದಂತೆ ನೋಡಿಕೊಳ್ಳುವ ಹೊಣೆ ಮನೆಯವರದು. ತಪ್ಪಿದರೆ ಹಳ್ಳಿಯ ಮನೆಗೆ 200, ಪಟ್ಟಣದ ಮನೆಗೆ 400 ರೂಪಾಯಿ ದಂಡ. ಅಧಿಕೃತ ಸಿಬ್ಬಂದಿ ಒಳಬಂದು ತಪಾಸಣೆ ಮಾಡಬಹುದು. ಗುರುತಿನ ಚೀಟಿ ತೋರಿಸಿ ಎಂದು ಕೇಳಿ. ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಆದರೆ ತಡೆಯಲು ಹೋಗಬೇಡಿ, ನಿಮ್ಮ ಡ್ರಮ್ಮಿನ ಸೊಳ್ಳೆ ನೆರೆಮನೆಯ ಬಸುರಿಯನ್ನೂ ಕಚ್ಚುತ್ತದೆ. 2023ರಲ್ಲಿ, ಬಸುರಿಯ ಹೊಟ್ಟೆಯ ಮಗುವಿಗೆ ಕುತ್ತು ತರುವ ಜೀಕಾ ವೈರಸ್ ಇದ್ದ ಸೊಳ್ಳೆ ಸಿಕ್ಕಿದ್ದು ನಿಮ್ಮದೇ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ.

ಹಾಗೆಂದು ವಾರದ ನೀರನ್ನು ಮಣ್ಣುಪಾಲು ಮಾಡಿಸಬೇಕಿರಲಿಲ್ಲ. ಸರ್ಕಾರದ ಕ್ರಮದಿಂದ ಹಕ್ಕಿಗೆ ಬೀಳುವ ಪೆಟ್ಟು ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು, ಮೀರಬಾರದು ಎಂದು ಖಾಸಗಿತನದ ಹಕ್ಕಿನ ಕುರಿತ 2017ರ ಪುಟ್ಟಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಲ್ಲಿ ಕಡಿಮೆ ಪೆಟ್ಟಿನ ದಾರಿ ಇದೆ. ನೀರನ್ನು ದಟ್ಟ ಬಟ್ಟೆಯಲ್ಲಿ ಸೋಸಿ ಬೇರೆ ಪಾತ್ರೆಗೆ ತುಂಬಿಸಿ, ಡ್ರಮ್ಮಿನ ಒಳಗೋಡೆಯನ್ನು, ಅದರಲ್ಲೂ ನೀರು ನಿಂತ ಗೆರೆಯ ಸುತ್ತ, ತೆಂಗಿನ ನಾರಿನಲ್ಲಿ ಗಸಗಸ ಉಜ್ಜಿ. ಮೊಟ್ಟೆ ಅಂಟಿಕೊಂಡಿರುವುದು ಅಲ್ಲೇ. ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಬರೀ ಚೆಲ್ಲಿದರೆ ಮುಂದಿನ ನೀರಿಗೆ ಮತ್ತೆ ಮರಿ. ಉಜ್ಜಿದ ಮೇಲೆ ನೀರು ತುಂಬಿಸಿ, ಬಾಯಿಗೆ ಬಟ್ಟೆ ಬಿಗಿದು ಕಟ್ಟಿ. ಮೊಟ್ಟೆ ಸೊಳ್ಳೆಯಾಗಲು 7ರಿಂದ 10 ದಿನ ಸಾಕು, ಆದ್ದರಿಂದ ವಾರಕ್ಕೊಮ್ಮೆ ಉಜ್ಜುವುದನ್ನು ತಪ್ಪಿಸಬೇಡಿ. ಸಂಪಿಗೆ ಸಿಬ್ಬಂದಿಯಿಂದಲೇ ಟೆಮಿಫಾಸ್ (ಲಾರ್ವಾ ಕೊಲ್ಲುವ ಔಷಧ) ಹಾಕಿಸಿ: ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಶೇ 50ರ ದ್ರಾವಣವಾದರೆ 1,000 ಲೀಟರಿಗೆ 2 ಮಿ.ಲೀ. ಅಳತೆ ಮಾಡದೆ ಸುರಿಯಲು ಬಂದರೆ ನಿಲ್ಲಿಸಿ ಕೇಳಿ.

ರಕ್ತದ ಮಾತು ಬೇರೆ. ಮಗಳು ಚಿಕ್ಕವಳಾದರೆ ನಿಮ್ಮ ಒಪ್ಪಿಗೆ ಬೇಕು. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ದೇಹದ ಮೇಲಿನ ಹಕ್ಕು ಸಂವಿಧಾನದ 21ನೇ ವಿಧಿಯಲ್ಲೇ ಇದೆ ಎಂದು ಸುಪ್ರೀಂ ಕೋರ್ಟ್ 2022ರ ಮೇ 2ರಂದು ಹೇಳಿದೆ. ರಕ್ತದ ವಿಷಯಕ್ಕೂ ಅದೇ ತತ್ವ ಹೊಂದುತ್ತದೆ. ಆದರೂ ರಕ್ತ ಕೊಡಿ ಎಂದೇ ನಮ್ಮ ಸಲಹೆ. ಜ್ವರ ಬಂದ ಮೊದಲ ಐದು ದಿನ ಎನ್‌ಎಸ್1 (ರಕ್ತದಲ್ಲಿ ಡೆಂಗಿ ವೈರಸ್ಸಿನ ಅಂಶ ಹುಡುಕುವುದು), ಆಮೇಲೆ ಐಜಿಎಂ (ಅದರ ವಿರುದ್ಧ ದೇಹ ಹುಟ್ಟಿಸಿದ ಪ್ರತಿಕಾಯ ಹುಡುಕುವುದು) ಪರೀಕ್ಷೆ. ತಡಮಾಡಿದರೆ ಅಪಾಯ ಮಗುವಿಗೇ. ಡೆಂಗಿ ಎಂದು ಬಂದರೆ ಲ್ಯಾಬಿನವರು ಇಲಾಖೆಗೆ ತಿಳಿಸಲೇಬೇಕು, ಅದಕ್ಕೆ ನಿಮ್ಮ ಅನುಮತಿ ಬೇಕಿಲ್ಲ. ಅದೇ ಮಗಳ ಹೆಸರು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಬಂದರೆ ಸುಮ್ಮನಿರಬೇಡಿ, ತಾಲ್ಲೂಕು ಆರೋಗ್ಯಾಧಿಕಾರಿಗೆ ಲಿಖಿತ ದೂರು ಕೊಡಿ. ಕೋವಿಡ್ ಬಂದಾಗ, 2020ರ ಮಾರ್ಚ್‌ನಲ್ಲಿ ಕ್ವಾರಂಟೈನ್‌ನಲ್ಲಿದ್ದವರ ವಿಳಾಸಗಳನ್ನು ಸರ್ಕಾರವೇ ಪ್ರಕಟಿಸಿತ್ತು. ಅದು ಮರುಕಳಿಸಬಾರದು.

ಫಾಗಿಂಗ್ ಹೊಗೆಗೆ ಸಾಯುವುದು ಹಾರುವ ಸೊಳ್ಳೆ ಮಾತ್ರ, ಲಾರ್ವಾ ಅಲ್ಲ. ರೇಷ್ಮೆ ಹುಳುವಿಗೂ ಅದು ವಿಷ, ಹೊಗೆ ಕೂತ ಹಿಪ್ಪುನೇರಳೆ ಸೊಪ್ಪೂ ವಿಷ. ಇಂದೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಅರ್ಜಿ ಬರೆಯಿರಿ: ಹುಳು ಮನೆ ಎಲ್ಲಿದೆ, ಹುಳು ಗೂಡು ಕಟ್ಟಲು ಚಂದ್ರಿಕೆಗೆ ಹೋಗುವುದು ಯಾವತ್ತು, ಅಲ್ಲಿಯವರೆಗೆ ಹೊರಗಿನ ಫಾಗಿಂಗ್ ಬದಲು ರೋಗಿಯ ಮನೆಯೊಳಗೆ ಮಾತ್ರ ಪೈರೆಥ್ರಮ್ (ಸೊಳ್ಳೆ ಕೊಲ್ಲುವ ಔಷಧ) ಸಿಂಪಡಿಸಬಹುದೇ ಎಂದು. ರೋಗಿ ಇರುವುದು ನಿಮ್ಮ ಮನೆಯಲ್ಲೇ ಆದರೆ ಹುಳು ಮನೆಯ ಕಡೆಯ ಬಾಗಿಲು, ಕಿಟಕಿ ಮುಚ್ಚಿಸಿಯೇ ಸಿಂಪಡಿಸಲು ಹೇಳಿ. ಒಂದು ಪ್ರತಿ ರೇಷ್ಮೆ ಇಲಾಖೆಗೂ ಹೋಗಲಿ, ನಿಮ್ಮ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅಷ್ಟಾದರೂ ಗಾಡಿ ಬಂದರೆ, ಎರಡು ಹೊತ್ತಿನ ಸೊಪ್ಪು ಮೊದಲೇ ಕೊಯ್ದು ಒಳಗಿಟ್ಟು, ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ. ಯಾವ ಆದೇಶದ ಮೇಲೆ ಬಂದರೆಂದು ಹೇಳದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು.