ಸೌದಿಯ ಅನಿಲ, ಡೊಂಬಿವಲಿಯ ಒಲೆ

ಪ್ರಶ್ನೆ: ನನ್ನ ಮಗ ಸೌದಿ ಅರೇಬಿಯಾದ ಪೂರ್ವ ಪ್ರಾಂತ್ಯದ ಅನಿಲ ಸಂಸ್ಕರಣ ಘಟಕವೊಂದರಲ್ಲಿ ಆರು ತಿಂಗಳಿನಿಂದ ಕೆಲಸಕ್ಕಿದ್ದಾನೆ. ಸೌದಿ ಎಂದರೆ ಎಣ್ಣೆ ಎಂದಷ್ಟೇ ನಾನು ತಿಳಿದಿದ್ದೆ. ಆ ದೇಶ ಅನಿಲವನ್ನು ಹೊರಗೆ ಮಾರುವುದೇ ಇಲ್ಲ, ನಮಗೆ ಬರುವುದು ಕತಾರಿನ ಅನಿಲ ಎಂದು ನೆರೆಮನೆಯವರು ಹೇಳುತ್ತಾರೆ. ಹಾಗಾದರೆ ಅಲ್ಲಿನ ಅನಿಲ ಎಲ್ಲಿಗೆ ಹೋಗುತ್ತದೆ? ಮಗ ಅಂಗಿಯ ಜೇಬಿಗೆ ಸದಾ ಒಂದು ಪುಟ್ಟ ಯಂತ್ರ ಸಿಕ್ಕಿಸಿಕೊಂಡಿರುತ್ತಾನೆ. ಅದೇಕೆಂದು ಕೇಳಿದರೆ ಮಾತು ಮರೆಸುತ್ತಾನೆ.
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಿಮ್ಮ ನೆರೆಮನೆಯವರ ಮಾತು ಅರ್ಧ ಸರಿ. ಉಳಿದರ್ಧ ನಿಮ್ಮ ಅಡುಗೆಮನೆಯಲ್ಲೇ ಇದ್ದೀತು.

ಸೌದಿಯಲ್ಲಿ ವಾಣಿಜ್ಯ ಪ್ರಮಾಣದ ಎಣ್ಣೆ ಮೊದಲು ಸಿಕ್ಕಿದ್ದು 1938ರಲ್ಲಿ, ದಮ್ಮಾಮ್‌ನ ಏಳನೆಯ ಬಾವಿಯಲ್ಲಿ. ಹತ್ತು ವರ್ಷಗಳ ನಂತರ, 1948ರಲ್ಲಿ, ಜಗತ್ತಿನಲ್ಲೇ ಅತಿ ದೊಡ್ಡದೆನಿಸಿದ ಘವಾರ್ ಕ್ಷೇತ್ರ ಪತ್ತೆಯಾಯಿತು. ನೆಲದಾಳದ ಒತ್ತಡದಲ್ಲಿ ಎಣ್ಣೆಯೊಳಗೆ ಅನಿಲವೂ ಕರಗಿರುತ್ತದೆ. ಗೋಲಿಸೋಡಾದ ಗೋಲಿ ಒತ್ತಿದೊಡನೆ ಗುಳ್ಳೆ ಉಕ್ಕುವಂತೆ, ಎಣ್ಣೆ ಮೇಲೆ ಬಂದು ಒತ್ತಡ ಇಳಿದಾಗ ಅದು ಬೇರೆಯಾಗುತ್ತದೆ. ದಶಕಗಳ ಕಾಲ ಅದರ ಬಹುಪಾಲನ್ನು ಬಾವಿಗಳ ಬಳಿಯೇ ಸುಟ್ಟುಬಿಟ್ಟರು. ಹಿಡಿದು ಸಾಗಿಸಲು ಕೊಳವೆಮಾರ್ಗವಿರಲಿಲ್ಲ, ಕೊಳ್ಳುವವರೂ ಹತ್ತಿರದಲ್ಲಿರಲಿಲ್ಲ ಎಂಬ ಕಾರಣವಿದ್ದರೂ, ಅದು ಅಪಾರ ನಷ್ಟವೇ ಸರಿ. 1970ರ ದಶಕದ ನಡುವೆ ಆ ಅನಿಲವನ್ನು ಒಟ್ಟುಗೂಡಿಸುವ ಬೃಹತ್ ಜಾಲದ ಕೆಲಸ ಶುರುವಾಯಿತು. ಆ ದೇಶದ ಎಣ್ಣೆಯ ಕಥೆಯಲ್ಲಿ ಬಾವಿ ಸಿಕ್ಕಿದ್ದಕ್ಕಿಂತಲೂ ಇದೇ ದೊಡ್ಡ ಸಾಧನೆ ಎಂಬುದು ನನ್ನ ಅಭಿಪ್ರಾಯ.

ಹೀಗೆ ಕೂಡಿಸಿದ ಅನಿಲದಲ್ಲಿ ಹೆಚ್ಚಿನ ಪಾಲು ಮೀಥೇನ್. ಅದನ್ನು ಹಡಗಿನಲ್ಲಿ ಕಳಿಸಬೇಕಾದರೆ ಸೊನ್ನೆಗಿಂತ 162 ಡಿಗ್ರಿ ಕೆಳಗೆ ತಣಿಸಿ ದ್ರವವಾಗಿಸಬೇಕು. ಕತಾರ್ ಅದಕ್ಕೆ ಬೇಕಾದ ಭಾರಿ ಸ್ಥಾವರಗಳನ್ನು ಕಟ್ಟಿಕೊಂಡಿತು. ಗುಜರಾತಿನ ದಹೇಜ್ ಬಂದರಿಗೆ ಬರುವುದು ಆ ದ್ರವೀಕೃತ ಅನಿಲ. ಸೌದಿ ತನ್ನ ಮೀಥೇನನ್ನು ವಿದ್ಯುತ್ ಸ್ಥಾವರಗಳಿಗೆ, ಸಮುದ್ರದ ನೀರನ್ನು ಸಿಹಿಯಾಗಿಸುವ ಘಟಕಗಳಿಗೆ, ಜುಬೈಲ್ ಮತ್ತು ಯಾನ್ಬುವಿನ ಕಾರ್ಖಾನೆಗಳಿಗೆ ಕೊಡುತ್ತದೆ. ಅಷ್ಟಾದರೂ ಸಾಲದೆ, ಬೇಸಿಗೆಯಲ್ಲಿ ವಿದ್ಯುತ್ತಿಗಾಗಿ ಕಚ್ಚಾ ತೈಲವನ್ನೂ ಸುಡುತ್ತದೆ. ಎಣ್ಣೆಯ ಉತ್ಪಾದನೆ ತಗ್ಗಿಸಿದಾಗ ಅದರೊಡನೆ ಬರುವ ಅನಿಲವೂ ತಗ್ಗುತ್ತದೆಯಾದ್ದರಿಂದ, ಎಣ್ಣೆಯ ಹಂಗಿಲ್ಲದ ಜಫೂರಾದಂತಹ ಅನಿಲ ಕ್ಷೇತ್ರಗಳತ್ತ ಈಗ ಅವರ ಗಮನ ಹರಿದಿದೆ.

ಆದರೆ ಅದೇ ಅನಿಲದಿಂದ ಪ್ರೊಪೇನ್ ಮತ್ತು ಬ್ಯೂಟೇನ್ ಬೇರ್ಪಡುತ್ತವೆ. ತುಸು ಒತ್ತಡ ಹಾಕಿದರೆ ಸಾಕು ದ್ರವವಾಗುವ ಇವೇ ನಮ್ಮ 14.2 ಕಿಲೋ ಸಿಲಿಂಡರಿನಲ್ಲಿರುವುದು. ಇವನ್ನು ಸೌದಿ ಧಾರಾಳವಾಗಿ ರಫ್ತು ಮಾಡುತ್ತದೆ, ಭಾರತವೂ ಕೊಳ್ಳುತ್ತದೆ. ಅಲ್ಲಿನ ಸರ್ಕಾರಿ ತೈಲ ಕಂಪನಿ ಸೌದಿ ಅರಾಮ್ಕೊ ಇವುಗಳಿಗೆ ತಿಂಗಳಿಗೊಮ್ಮೆ ಪ್ರಕಟಿಸುವ ದರ ಏರಿದರೆ ನಮ್ಮ ಆಮದಿನ ವೆಚ್ಚವೂ ಏರುತ್ತದೆ. ನಿಮ್ಮ ಕಟ್ಟಡಕ್ಕೆ ಪೈಪ್ ಗ್ಯಾಸ್ ಬಂದಿದ್ದರೆ ಅದು ಮೀಥೇನ್. ಜೋಡಣೆಗೆ ಬಂದವನು ಒಲೆಯ ನಾಝಲ್ ತೆಗೆದು ದೊಡ್ಡ ತೂತಿನದನ್ನು ಕೂರಿಸಿದ್ದು ಇವೆರಡೂ ಒಂದೇ ಅನಿಲವಲ್ಲವೆಂಬ ಕಾರಣಕ್ಕೇ.

ಇನ್ನು ಜೇಬಿನ ಯಂತ್ರದ ವಿಷಯ. ಮುಚ್ಚಿಡದೆ ಹೇಳುತ್ತೇನೆ, ಏಕೆಂದರೆ ತಿಳಿಯದ ಭಯ ತಿಳಿದ ಭಯಕ್ಕಿಂತ ಹೆಚ್ಚು ಕಾಡುತ್ತದೆ. ಅದು ಬಹುಶಃ ಹೈಡ್ರೋಜನ್ ಸಲ್ಫೈಡ್ ಪತ್ತೆ ಮಾಡುವ ಸಾಧನ. ಅಲ್ಲಿನ ಹಲವು ಬಾವಿಗಳಿಂದ ಬರುವ ಅನಿಲದಲ್ಲಿ ಈ ವಿಷ ಬೆರೆತಿರುತ್ತದೆ; ಸಂಸ್ಕರಣ ಘಟಕದಲ್ಲಿ ಅದನ್ನು ತೆಗೆದು, ಹಳದಿ ಗಂಧಕವಾಗಿಸಿ ಮಾರುತ್ತಾರೆ. ಅಲ್ಪ ಪ್ರಮಾಣದಲ್ಲಿ ಕೊಳೆತ ಮೊಟ್ಟೆಯ ನಾತ ಬರುತ್ತದೆ. ಪ್ರಮಾಣ ಹೆಚ್ಚಿದರೆ ಅದು ಮೂಗಿನ ಶಕ್ತಿಯನ್ನೇ ಕುಂದಿಸುವುದರಿಂದ ವಾಸನೆಯನ್ನು ನೆಚ್ಚುವಂತಿಲ್ಲ, ಯಂತ್ರವನ್ನೇ ನೆಚ್ಚಬೇಕು. ಅದು ಗಾಳಿಗಿಂತ ಭಾರವಾದ್ದರಿಂದ ತಗ್ಗಿನಲ್ಲಿ ನಿಲ್ಲುತ್ತದೆ. ಯಂತ್ರ ಕೂಗಿದರೆ, ಗಾಳಿಯ ದಿಕ್ಕು ತೋರುವ, ಕಂಬದ ಮೇಲಿನ ಗಾಳಿಚೀಲ ನೋಡಿ, ಸೋರಿಕೆಯ ಜಾಗವನ್ನು ಬಿಟ್ಟು ಗಾಳಿ ಬೀಸಿಬರುವ ದಿಕ್ಕಿಗೆ ಅಥವಾ ಗಾಳಿಗೆ ಅಡ್ಡಲಾಗಿ ಸರಿಯಬೇಕೆಂದು ಕಲಿಸಿರುತ್ತಾರೆ. ಮುಂದಿನ ಬಾರಿ ಫೋನ್ ಮಾಡಿದಾಗ "ಹುಷಾರಾಗಿರು ಮಗಾ" ಎನ್ನುವುದರ ಜೊತೆಗೆ, ಯಂತ್ರವನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ ಎಂದೂ ಕೇಳಿ.