ಗ್ರಾಫಿಕ್ಸ್ ಬಿಟ್ಟರೆ ‘ಕುಂಗ್‌ಫೂ ಹಸಲ್’ನಲ್ಲಿ ಏನಿದೆ?

ಕಾಲು ಚಕ್ರದ ಹಾಗೆ ತಿರುಗೋದು, ಜನ ಗೋಡೆ ಒಡೆದುಕೊಂಡು ಹಾರೋದು ನೋಡಿ ‘ಇದು ಕಾರ್ಟೂನು, ಇದರಲ್ಲಿ ಕುಂಗ್‌ಫೂ ಎಲ್ಲಿದೆ?’ ಅಂತ ಕೇಳಿದ್ದೀರಿ. ಕಾರ್ಟೂನ್ ಹೌದು, ನಿರ್ದೇಶಕ ಸ್ಟೀಫನ್ ಚೌ ಬೇಕಂತಲೇ ಹಾಗೆ ತೆಗೆದಿದ್ದಾರೆ. ಆದರೆ ಕುಂಗ್‌ಫೂ ಬೇಕಿದ್ದರೆ ಆ ಹಳೇ ಶಾಂಘೈ ವಠಾರದಲ್ಲಿ ಯಾರ್ಯಾರು ಇದ್ದಾರೆ ಅಂತ ನೋಡಿ. 2004ರ ಈ ಸಿನಿಮಾದ ನಿಜವಾದ ಮಜಾ ಇರುವುದು ನಟರ ಆಯ್ಕೆಯಲ್ಲಿ.

ಓನರಮ್ಮನನ್ನೇ ತಗೊಳ್ಳಿ. ತಲೆಗೆ ಕರ್ಲರ್, ಬಾಯಲ್ಲಿ ಸಿಗರೇಟು, ಮನಸ್ಸು ಬಂದಾಗ ನಲ್ಲಿ ನೀರು ಬಂದ್. ಆ ಪಾತ್ರ ಮಾಡಿದ ಯುಯೆನ್ ಚಿಯು ಮತ್ತು ಗಂಡನಾಗಿ ನಟಿಸಿದ ಯುಯೆನ್ ವಾ, ಇಬ್ಬರೂ ಚಿಕ್ಕಂದಿನಲ್ಲಿ ಹಾಂಕಾಂಗಿನ ಪೀಕಿಂಗ್ ಒಪೆರಾ ಶಾಲೆಯಲ್ಲಿ (ಹಾಡು, ಅಭಿನಯದ ಜೊತೆ ಲಾಗ, ಕುಂಗ್‌ಫೂ ಕೂಡ ಕಲಿಸುವ ಚೀನೀ ಸಂಗೀತ ನಾಟಕದ ಶಾಲೆ) ಪಳಗಿದವರು. ಜಾಕಿ ಚಾನ್ ಕಲಿತದ್ದೂ ಅಲ್ಲೇ. (ಇವರು ಅಣ್ಣ ತಂಗಿ ಅಲ್ಲ. ‘ಯುಯೆನ್’ ಬಂದಿದ್ದು ಗುರು ಯು ಜಿಮ್-ಯುಯೆನ್ ಅವರ ಹೆಸರಿನಿಂದ.) ಮುಂದೆ ಯುಯೆನ್ ವಾ, ಬ್ರೂಸ್ ಲೀಗೆ ಡ್ಯೂಪ್ ಆದರು. 1973ರ ‘ಎಂಟರ್ ದ ಡ್ರ್ಯಾಗನ್’ನಲ್ಲಿ ಲಾಗ ಹಾಕುವುದು ಅವರೇ.

ಈಗ ಕಾರಿನ ದೃಶ್ಯ ಇನ್ನೊಮ್ಮೆ ನೋಡಿ. ಗ್ಯಾಂಗಿನ ಬಾಸ್ ಕಾರಿನಲ್ಲಿ ಕೂತಿದ್ದಾನೆ. ಗಂಡ ಹೆಂಡತಿ ಅದರೊಳಗೇ ಪ್ರತ್ಯಕ್ಷ. ಓನರಮ್ಮ ಬೆರಳ ಗೆಣ್ಣು ಲಟಲಟ ಅನ್ನಿಸುತ್ತಾಳೆ, ಹೆಬ್ಬೆರಳಿನಿಂದ ಮೂಗು ಸವರಿಕೊಳ್ಳುತ್ತಾಳೆ. ಅಪ್ಪಟ ಬ್ರೂಸ್ ಲೀ ಸ್ಟೈಲ್. ಜೊತೆಗಿರುವ ಗಂಡ ಬ್ರೂಸ್ ಲೀಯ ಡ್ಯೂಪ್! ಇದು ಗೊತ್ತಿಲ್ಲದೆ ನೋಡಿದರೂ ನಗು ಬರುತ್ತೆ. ಗೊತ್ತಿದ್ದು ನೋಡಿದರೆ ಮೈ ಜುಮ್ಮೆನ್ನುತ್ತೆ.

ವಿಲನ್ ಕಥೆ ಇನ್ನೂ ಚೆನ್ನಾಗಿದೆ. ಬ್ರೂಸ್ ಲೀ ತೀರಿಕೊಂಡ ಮೇಲೆ ಅವನ ಥರ ಕಾಣುವವರು, ಅವನ ಹೆಸರಿಟ್ಟುಕೊಂಡವರು ಸಾಲು ಸಾಲಾಗಿ ಬಂದರಲ್ವಾ? ಅವರಲ್ಲಿ ಬ್ರೂಸ್ ಲಿಯಾಂಗ್ ಒಬ್ಬರು. ಒದೆಯೋದರಲ್ಲಿ ಎತ್ತಿದ ಕೈ. ಎಷ್ಟೋ ವರ್ಷ ತೆರೆಯಿಂದ ದೂರ ಇದ್ದವರನ್ನು ಚೌ ಕರೆದು ತಂದರು. ಅದೂ ಹೇಗೆ? ಬಕ್ಕ ತಲೆ, ಬನಿಯನ್, ಚಡ್ಡಿ, ಕಾಲಿಗೆ ಚಪ್ಪಲಿ. ಅಂದರೆ ಕೊನೆಗೆ ಬ್ರೂಸ್ ಲೀಯ ಡ್ಯೂಪೂ ಬ್ರೂಸ್ ಲೀಯ ನಕಲೂ ಎದುರಾಬದುರಾ ನಿಲ್ಲುತ್ತಾರೆ.

ಬಾಡಿಗೆದಾರರೂ ಸಾಮಾನ್ಯರಲ್ಲ. ತೋಳಿಗೆ ಕಬ್ಬಿಣದ ಬಳೆ ಹಾಕಿಕೊಂಡು ಹೊಡೆಯುವ ಟೈಲರ್ ಚಿಯು ಚಿ-ಲಿಂಗ್, ನಿಜ ಜೀವನದಲ್ಲೂ ಹುಂಗ್ ಗಾರ್ ಎಂಬ ಕುಂಗ್‌ಫೂ ಪಂಥದ ಗುರು. ಕೂಲಿಯವನಾಗಿರುವ ಶಿಂಗ್ ಯು ಕುಂಗ್‌ಫೂಗೆ ಹೆಸರಾದ ಶಾವೊಲಿನ್ ಮಠದಲ್ಲಿ ಕಲಿತವರು. ಫೈಟ್ ನಿರ್ದೇಶನ ಶುರು ಮಾಡಿದ್ದು ಸ್ಯಾಮೊ ಹುಂಗ್, ಆಮೇಲೆ ಮುಂದುವರಿಸಿದ್ದು ‘ಮೇಟ್ರಿಕ್ಸ್’ಗೆ ಫೈಟ್ ಕಲಿಸಿದ್ದ ಯುಯೆನ್ ವೂ-ಪಿಂಗ್. ಮೈಯಲ್ಲಿ ಇಷ್ಟು ಸರಕಿರುವವರು ಇದ್ದದ್ದಕ್ಕೇ ಚೌ ಅಷ್ಟು ಗ್ರಾಫಿಕ್ಸ್ ಸುರಿದರೂ ಹೊಡೆತಕ್ಕೆ ತೂಕ ಇದೆ. ತಂತಿವಾದ್ಯ ಮೀಟಿ ಕೊಲ್ಲುವ ಇಬ್ಬರ ದೃಶ್ಯ ನೋಡಿ. ನಾದವೇ ಕತ್ತಿಯಾಗುತ್ತೆ, ಅಷ್ಟು ಹುಚ್ಚು ಕಲ್ಪನೆ. ಆದರೂ ಆ ಬಾಡಿಗೆದಾರರು ಬಿದ್ದಾಗ ಹೊಟ್ಟೆ ಚುರ್ ಅನ್ನುತ್ತೆ.

ಐಸ್‌ಕ್ರೀಂ ಮಾರುವ ಮೂಕ ಹುಡುಗಿಯ ಪ್ರೇಮಕಥೆ ಮಾತ್ರ ಸುಮ್ನೆ ಅಂಟಿಸಿದ ಹಾಗಿದೆ, ಅದನ್ನು ಸಮರ್ಥಿಸೋಕೆ ನಾನು ಹೋಗಲ್ಲ.

ಇನ್ನೊಮ್ಮೆ ನೋಡುವುದಾದರೆ ಡಬ್ಬಿಂಗ್ ಬೇಡ. ಓನರಮ್ಮನ ಬೈಗುಳ ಕ್ಯಾಂಟನೀಸ್‌ನಲ್ಲೇ ಕೇಳಿ, ಅರ್ಥವನ್ನು ಸಬ್‌ಟೈಟಲ್ ನೋಡಿಕೊಳ್ಳುತ್ತೆ.